ಬೆರಳಲ್ಲಿ ಒತ್ತಿದ ಲಾಕು

ಹಲಗೂರಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಹಾಕಿದರೆ ತಗಡಿನ ಮಾಡಿನ ಒಂದು ಬೈಕ್ ರಿಪೇರಿ ಅಂಗಡಿ ಸಿಗುತ್ತದೆ. ಅದಕ್ಕೆ ಬೋರ್ಡು ಇಲ್ಲ. ಇದ್ದ ಬೋರ್ಡು ಒಂದು ಮುಂಗಾರಿನ ಗಾಳಿಗೆ ಹಾರಿಹೋದ ಮೇಲೆ ದೇವರಾಜು ಇನ್ನೊಂದು ಬರೆಸಲಿಲ್ಲ. ಬೇಕಾದವರು ಹುಡುಕಿಕೊಂಡು ಬರುತ್ತಾರೆ, ಬೇಡದವರು ಬರದಿದ್ದರೆ ಅಷ್ಟು ಕೆಲಸ ಕಡಿಮೆ ಎನ್ನುತ್ತಿದ್ದ. ಸುತ್ತಿನ ಹಳ್ಳಿಯವರು ಅವನ ಬಗ್ಗೆ ಹೇಳುತ್ತಿದ್ದುದೂ ಒಂದೇ ಮಾತು: ದೇವರಾಜುವಿನ ಹತ್ತಿರ ಗಾಡಿ ಬಿಟ್ಟರೆ ಮೊದಲು ಬೈಗುಳ ತಿನ್ನಬೇಕು, ಆಮೇಲೆ ಎರಡು ವರ್ಷ ಆ ಗಾಡಿಯ ತಂಟೆ ಇರುವುದಿಲ್ಲ.

ಬೈಗುಳ ಹೆಚ್ಚಾಗಿ ಬೀಳುತ್ತಿದ್ದುದು ಚೈನಿನ ವಿಷಯಕ್ಕೆ. ಚೈನು ಸವೆದು ಜೋಲು ಬಿದ್ದರೆ ಒಂದು ಕೊಂಡಿ ಕಿತ್ತು ಬಿಗಿ ಮಾಡಿಸುವುದು ನಮ್ಮ ಕಡೆಯವರ ಚಾಳಿ. ಅದೂ ನಡೆಯದಾದಾಗ ಹೊಸ ಚೈನು ಹಾಕಿಸುತ್ತಾರೆ, ಆದರೆ ಹಿಂದೆ ಮುಂದೆ ಇರುವ ಹಲ್ಲಿನ ಎರಡು ಚಕ್ರಗಳು ಹಳೆಯವೇ ಇರಲಿ ಎನ್ನುತ್ತಾರೆ. ದೇವರಾಜು ಅಂಥವರ ಅಂಗೈಗೆ ಹಳೇ ಚಕ್ರ ಇಟ್ಟು, ಹಲ್ಲುಗಳ ಮೇಲೆ ಬೆರಳಾಡಿಸಲು ಹೇಳುತ್ತಿದ್ದ. ಸವೆದ ಹಲ್ಲು ಒಂದೇ ಕಡೆಗೆ ಬಾಗಿ ಕೊಕ್ಕೆಯಾಗಿರುತ್ತದೆ, ಬೆರಳಿಗೆ ಚುಚ್ಚುತ್ತದೆ. ಇಂಥ ಹಲ್ಲಿಗೆ ಹೊಸ ಚೈನು ಕೊಟ್ಟರೆ ಅದನ್ನೂ ಆರು ತಿಂಗಳಲ್ಲಿ ತಿಂದುಹಾಕುತ್ತದೆ, ಮೂರನ್ನೂ ಒಟ್ಟಿಗೆ ಹಾಕಿಸುವುದಾದರೆ ಕೂತ್ಕೋ, ಇಲ್ಲದಿದ್ದರೆ ಎದ್ದು ನಡಿ ಎಂದುಬಿಡುತ್ತಿದ್ದ. ಬಹಳ ಜನ ಗೊಣಗಿಕೊಂಡೇ ಕೂರುತ್ತಿದ್ದರು.

ಚೈನಿನ ಎರಡು ತುದಿಗಳನ್ನು ಸೇರಿಸಿದ ಮೇಲೆ ಅವು ಬಿಟ್ಟುಕೊಳ್ಳದಂತೆ ಹಿಡಿದಿಡುವುದು ಚೈನ್ ಲಾಕು ಎನ್ನುವ ಒಂದು ಉಕ್ಕಿನ ಚೂರು. ಹುಣಸೆಬೀಜಕ್ಕಿಂತ ಸ್ವಲ್ಪ ಉದ್ದವಿದ್ದೀತು. ಚೂಪು ಮೂತಿಯ ನೋಸ್ ಪ್ಲೇಯರಿನಲ್ಲಿ ಅದನ್ನು ಒತ್ತಿದರೆ ಟಿಕ್ ಎಂದು ಕೂರುತ್ತದೆ. ಆ ಸದ್ದು ಕೇಳುವವರೆಗೆ ದೇವರಾಜು ಯಾರ ಜತೆಗೂ ಮಾತಾಡುತ್ತಿರಲಿಲ್ಲ, ಫೋನು ಬಡಿದುಕೊಂಡರೂ ತೆಗೆಯುತ್ತಿರಲಿಲ್ಲ.

ಅವನು ಹುಟ್ಟಿದ್ದು ಮಂಡ್ಯದ ಮಗ್ಗುಲಿನ ಹೊಳಲಿನಲ್ಲಿ. ಓದು ತಲೆಗೆ ಹತ್ತಲಿಲ್ಲವೆಂದು ಅಪ್ಪ ಮಂಡ್ಯದ ಒಂದು ಗ್ಯಾರೇಜಿಗೆ ಬಿಟ್ಟಿದ್ದರು. ಅಲ್ಲಿನ ಯಜಮಾನರು ಕೆಲಸದ ಜೊತೆಗೆ ಎರಡು ಮಾತುಗಳನ್ನು ತಲೆಗೆ ತುಂಬಿದ್ದರು. ನಿನ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಲಾರದ ಗಾಡಿಯನ್ನು ಇನ್ನೊಬ್ಬನ ಕೈಗೆ ಕೊಡಬೇಡ. ಆಯುಧ ಪೂಜೆಯಲ್ಲಿ ಕುಂಕುಮ ಇಟ್ಟ ಹತಾರವನ್ನು ಮಾರನೆಯ ದಿನದ ಮರುಪೂಜೆ ಆಗುವವರೆಗೆ ಮುಟ್ಟಬೇಡ. ಮದುವೆಯಾಗಿ ಹೆಂಡತಿ ದೇವಿರಮ್ಮನ ಊರಾದ ಹಲಗೂರಿಗೆ ಬಂದು ಇಪ್ಪತ್ತಾರು ವರ್ಷ ಅಂಗಡಿ ನಡೆಸಿದ ದೇವರಾಜು ಈ ಎರಡನ್ನೂ ಒಂದು ದಿನವೂ ತಪ್ಪಿದವನಲ್ಲ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳುವ ದಿನ ಬಂದೀತೆಂದು ಯಜಮಾನರು ಹೇಳಿರಲಿಲ್ಲ.

ಅವನ ಗಿರಾಕಿಗಳಲ್ಲಿ ರವಿಚಂದ್ರ ಒಬ್ಬ. ಹಲಗೂರಿನಿಂದ ಮೂರು ಮೈಲಿ ಒಳಗಿನ ಹಳ್ಳಿಯವನು, ಮೂವತ್ತನಾಲ್ಕು ವರ್ಷ. ತೋಟ ತೋಟ ತಿರುಗಿ ಎಳನೀರು ಕೀಳಿಸಿ, ಬೈಕಿನ ಎರಡು ಮಗ್ಗುಲಿಗೂ ಗೊನೆಗಳನ್ನು ನೇತುಹಾಕಿಕೊಂಡು ಮದ್ದೂರಿನ ಮಾರುಕಟ್ಟೆಗೆ ಸಾಗಿಸುವುದು ಅವನ ಕಸುಬು. ಒಂದು ಸಲಕ್ಕೆ ಎಪ್ಪತ್ತು ಎಳನೀರು. ಬೇರೆಯವರ ಚೈನು ಎರಡು ವರ್ಷ ಬಂದರೆ ಇವನದು ವರ್ಷವೂ ಬರುತ್ತಿರಲಿಲ್ಲ. ಹೆಂಡತಿ ಪ್ರಿಯಾಂಕ ಅಂಗನವಾಡಿಯಲ್ಲಿ ಸಹಾಯಕಿ, ಎಂಟು ವರ್ಷದ ಮಗಳು ಗಗನ.

ಈ ರವಿಚಂದ್ರ ಮೊದಲು ಮಹಾ ಕುಡುಕ. ನಾಲ್ಕು ವರ್ಷದ ಹಿಂದೆ ಒಂದು ದಿನ ದೇವರಾಜುವಿನ ಅಂಗಡಿ ಮುಂದೆಯೇ ಮೈಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಪ್ರಿಯಾಂಕ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಅವನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತು ಎಚ್ಚರವಾಗುವುದನ್ನು ಕಾದಳು. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದರು. ಮುಂದಿನ ಶನಿವಾರ ದೇವರಾಜು ಅವನನ್ನು ತನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಮುತ್ತತ್ತಿಗೆ ಕರೆದೊಯ್ದು, ಕಾವೇರಿಯಲ್ಲಿ ಮುಳುಗಿಸಿ, ಮುತ್ತತ್ತಿರಾಯನ ಮುಂದೆ ಕರ್ಪೂರ ಹಚ್ಚಿಸಿ ಆಣೆ ಇಡಿಸಿದ. ಇನ್ನು ಬಾಯಿಗೆ ಮುಟ್ಟಿಸಿದರೆ ನೀನೇ ನೋಡಿಕೊ ಎಂದು ರವಿಚಂದ್ರ ದೇವರಿಗೆ ಹೇಳಿದ. ಆಮೇಲೆ ಮುಟ್ಟಿಸಲಿಲ್ಲ. ಮದುವೆ ಊಟದಲ್ಲಿ, ಬೀಗರೂಟದಲ್ಲಿ, ಬಾಡೂಟದ ಎಲೆ ಮುಂದೆ ಎಷ್ಟು ಜನ ರೇಗಿಸಿದರೂ ಮುಟ್ಟಿಸಲಿಲ್ಲ. ದೇವರಾಜು ಇದನ್ನು ತನ್ನ ಕೈಯಲ್ಲಾದ ದೊಡ್ಡ ರಿಪೇರಿ ಎಂದು ಒಳಗೊಳಗೇ ಬೀಗುತ್ತಿದ್ದ.

ಆ ಸಲದ ಆಯುಧ ಪೂಜೆ ಶುಕ್ರವಾರ ಬಂದಿತ್ತು. ಹತ್ತೂವರೆಗೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಪೂಜೆ ಮುಗಿಯಬೇಕು ಎಂದು ದೇವಿರಮ್ಮ ಹಿಂದಿನ ದಿನದಿಂದಲೇ ಹೇಳುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ರವಿಚಂದ್ರ ಗಾಡಿ ತಳ್ಳಿಕೊಂಡು ಬಂದ. ಚೈನು ಹಲ್ಲು ಜಾರಿ ಕರಕರ ಎನ್ನುತ್ತಿತ್ತು. ಹಬ್ಬದ ದಿನ ಎಂದು ದೇವರಾಜು ಬೈದ, ಬೈದುಕೊಂಡೇ ಕೆಲಸಕ್ಕೆ ಕೂತ. ಹಿಂದಿನ ಚಕ್ರ ಬಿಚ್ಚಿ, ಹಲ್ಲಿನ ಚಕ್ರಗಳೆರಡನ್ನೂ ಬದಲಾಯಿಸಿ, ಹೊಸ ಚೈನು ಏರಿಸಿ ತುದಿಗಳನ್ನು ಸೇರಿಸುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಅವನು ಒಂದೊಂದಾಗಿ ಇಟ್ಟ ಹತಾರಗಳನ್ನು ದೇವಿರಮ್ಮ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತಟ್ಟೆಯಲ್ಲಿ ಜೋಡಿಸಿ, ಕುಂಕುಮ ಇಡುತ್ತಲೇ ಬರುತ್ತಿದ್ದಳು. ಲಾಕು ಹಾಕಬೇಕೆಂದು ಅವನು ಕೈ ಚಾಚಿದಾಗ ನೋಸ್ ಪ್ಲೇಯರು ತಟ್ಟೆಯ ನಡುವೆ ಕುಂಕುಮ ಹಚ್ಚಿಕೊಂಡು ಮಲಗಿತ್ತು.

ಅವನು ತಟ್ಟೆ ನೋಡಿದ, ಗಡಿಯಾರ ನೋಡಿದ. ಲಾಕನ್ನು ಹೆಬ್ಬೆರಳಿನಲ್ಲಿ ಒತ್ತಿದ. ಅದು ಒಳಗೆ ಹೋದಂತೆ ಕಂಡಿತು. ಟಿಕ್ ಎಂದಿತೋ ಇಲ್ಲವೋ ತಿಳಿಯಲಿಲ್ಲ, ಏಕೆಂದರೆ ಅದೇ ಗಳಿಗೆಗೆ ಪಕ್ಕದ ಟೈರ್ ಅಂಗಡಿಯವರು ಪಟಾಕಿ ಸರ ಹಚ್ಚಿದ್ದರು. ಅಂದಿರಬೇಕು ಎಂದುಕೊಂಡ. ಕೈಯಲ್ಲಿ ಉಳಿದಿದ್ದ ಸ್ಪಾನರಿನಲ್ಲಿ ಚೈನಿನ ಮೇಲಿನ ಮುಚ್ಚಳ ಕೂರಿಸಿ, ಆ ಸ್ಪಾನರನ್ನೂ ಹೆಂಡತಿಗೆ ಕೊಟ್ಟ. ಪೂಜೆಯಾಯಿತು. ಕುಂಕುಮ ತುಂಬಿದ ಬೂದುಗುಂಬಳಕಾಯಿ ರಸ್ತೆಯಲ್ಲಿ ಒಡೆಯಿತು. ರವಿಚಂದ್ರನ ಗಾಡಿಗೂ ಚೆಂಡುಹೂವಿನ ಹಾರ ಬಿತ್ತು, ಅವನು ಒಂದು ಪೊಟ್ಟಣ ಕಡ್ಲೆಪುರಿಯನ್ನು ಗಗನಳಿಗೆಂದು ಜೇಬಿಗೆ ಇಳಿಸಿದ.

ಅವನು ಗಾಡಿ ಹತ್ತುವಾಗ ದೇವರಾಜು, ನಾಳೆ ಮರುಪೂಜೆ ಆದ ಮೇಲೆ ಒಂದು ಸಲ ಬಂದು ಹೋಗು ಎಂದ. ಯಾಕೆಂದು ಹೇಳಲಿಲ್ಲ. ಅರೆಬರೆ ಕೆಲಸ ಮಾಡಿದ್ದೇನೆ ಎಂದು ಹಬ್ಬದ ದಿನ ಯಾವ ಬಾಯಲ್ಲಿ ಹೇಳುವುದು? ನಾಳೆ ಬೆಳಿಗ್ಗೆ ಆರಕ್ಕೇ ಮದ್ದೂರಿಗೆ ಲೋಡು ಹೊರಡಬೇಕು, ವಾಪಸು ಬರುವಾಗ ಬರುತ್ತೇನೆ ಎಂದ ರವಿಚಂದ್ರ. ದೇವರಾಜು ಆಯಿತು ಎಂದ. ಜೀವಮಾನವೆಲ್ಲ ಜನರನ್ನು ಬೈದುಕೊಂಡು ಬಂದವನು, ಬೈಯಲೇಬೇಕಾಗಿದ್ದ ಒಂದು ಗಳಿಗೆಯಲ್ಲಿ ಆಯಿತು ಎಂದ.

ಶನಿವಾರ ಬೆಳಿಗ್ಗೆ ಆರೂವರೆಗೆ ಕೆರೆ ಏರಿಯ ಇಳಿಜಾರಿನಲ್ಲಿ ರವಿಚಂದ್ರ ಬಿದ್ದ. ಹಿಂದಿನ ಚಕ್ರ ಕಚ್ಚಿಕೊಂಡು ನಿಂತು, ಲೋಡಿನ ಸಮೇತ ಗಾಡಿ ಅಡ್ಡ ಬಿದ್ದು, ಅವನ ತಲೆ ಏರಿಯ ಕಲ್ಲಿಗೆ ಬಡಿದಿತ್ತು. ಎಮ್ಮೆ ಹೊಡೆದುಕೊಂಡು ಬಂದವರು ನೋಡಿದಾಗಲೇ ಉಸಿರಿರಲಿಲ್ಲ. ಎಳನೀರು ಕೆರೆಯವರೆಗೂ ಉರುಳಿಕೊಂಡು ಹೋಗಿದ್ದವು. ಹೆಣ ಕುಯ್ಯಿಸುವುದು ಬೇಡ, ಕೇಸು ಗೀಸು ಬೇಡ ಎಂದು ಹಿರಿಯರು ಮಾತಾಡಿಕೊಂಡು ಮನೆಗೇ ಎತ್ತಿ ತಂದರು.

ಎದುರಿಗೆ ಗಾಡಿ ಬಂದಿರಲಿಲ್ಲ, ಮಳೆಯಿರಲಿಲ್ಲ, ನಾಯಿ ಅಡ್ಡ ಬಂದಿರಲಿಲ್ಲ. ಹಿಂದಿನ ರಾತ್ರಿ ಆಯುಧ ಪೂಜೆ. ಊರಿಗೆ ಇನ್ನೇನು ಬೇಕು? ನಾಲ್ಕು ವರ್ಷ ಬಾಯಿ ಕಟ್ಟಿಕೊಂಡಿದ್ದವನು ಹಬ್ಬದ ರಾತ್ರಿ ಬಿಚ್ಚಿಕೊಂಡಿದ್ದಾನೆ, ಬೆಳಿಗ್ಗೆ ಅಮಲು ಇಳಿದಿರಲಿಲ್ಲ ಎಂದರು. ನೀನೇ ನೋಡಿಕೊ ಅಂದಿದ್ದನಲ್ಲ, ಮುತ್ತತ್ತಿರಾಯ ನೋಡಿಕೊಂಡ ಎಂದರು. ಕುಡಿದಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಆದರೆ ಆಡುವ ಬಾಯಿಗೆ ಕಣ್ಣಿನ ಸಾಕ್ಷಿ ಯಾವತ್ತು ಬೇಕಾಗಿತ್ತು?

ಬಿದ್ದ ಗಾಡಿಯನ್ನು ಊರಿನವರು ಲಗೇಜ್ ಆಟೋದಲ್ಲಿ ತಂದು ದೇವರಾಜುವಿನ ಅಂಗಡಿಯಲ್ಲೇ ಇಳಿಸಿದರು. ಬೇರೆಲ್ಲಿಗೆ ಒಯ್ದಾರು? ಆಗ ತಾನೇ ಮರುಪೂಜೆಯಾಗಿ ಹತಾರಗಳು ಕೈಗೆ ಬಂದಿದ್ದವು. ಅವುಗಳಲ್ಲಿ ಅವನು ಮಾಡಿದ ಮೊದಲ ಕೆಲಸ ಆ ಗಾಡಿಯ ಚೈನ್ ಮುಚ್ಚಳ ಬಿಚ್ಚಿದ್ದು. ಹಿಂದಿನ ದಿನ ಹಾಕಿದ ಹೊಸ ಚೈನು ಗಂಟುಕಟ್ಟಿಕೊಂಡು ಚಕ್ರದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎರಡು ತುದಿಗಳೂ ಬೇರೆಯಾಗಿದ್ದವು. ಒಂದು ಕೊಂಡಿಯೂ ಮುರಿದಿರಲಿಲ್ಲ. ಲಾಕು ಮಾತ್ರ ಇರಲಿಲ್ಲ.

ಚಹಾ ತಂದ ದೇವಿರಮ್ಮ ದೇವರಾಜುವಿನ ಮುಖ ನೋಡಿ, ಚೈನು ನೋಡಿ, ಆಮೇಲೆ ತಟ್ಟೆ ನೋಡಿದಳು. ಅವಳಿಗೂ ಇಪ್ಪತ್ತಾರು ವರ್ಷದಿಂದ ಅಂಗಡಿಯ ಕೆಲಸ ತಿಳಿದಿತ್ತು. ಪ್ಲೇಯರು ತೊಳೆದಿಟ್ಟ ಕೈ ತನ್ನದು ಎಂದು ಅವಳು ಅತ್ತಳು. ಅತ್ತು ಮುಗಿಸಿ, ಹೋದವನಂತೂ ಬರುವುದಿಲ್ಲ, ಬಾಯಿ ಬಿಟ್ಟರೆ ನಾವೂ ಹೋಗುತ್ತೇವೆ ಎಂದು ಕಣ್ಣೊರೆಸಿಕೊಂಡಳು. ಅವನು ಚೈನನ್ನು ಗೋಣಿತಾಟಿನಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿ, ರವಿಚಂದ್ರನ ಮಣ್ಣಿಗೆ ಹೊರಟ.

ಅಲ್ಲಿ ಪ್ರಿಯಾಂಕ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಮಗಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಗುಂಡಿಯ ಹತ್ತಿರ ಕೊನೆಯ ಸಲ ಮುಖ ನೋಡಿ ಹಿಡಿ ಮಣ್ಣು ಹಾಕೆಂದು ಹೆಂಗಸರು ಕೈಹಿಡಿದು ಕರೆದರೆ, ಕೈ ಕೊಸರಿಕೊಂಡು, ಎಲ್ಲರಿಗೂ ಕೇಳುವಂತೆ, “ಮಾತ್ ಕೊಟ್ಟು ಮುರ್ದೋರ್ಗೆ ನಾನ್ಯಾಕ್ ಮಣ್ಣಾಕ್ಲಿ? ದೇವ್ರೇ ಹಾಕವ್ನಲ್ಲ” ಎಂದಳು. ದೇವರಾಜು ಅವಳಿಂದ ಮೂರು ಮಾರು ದೂರದಲ್ಲಿ ನಿಂತಿದ್ದ. ಹೆಣ ಒಳಗಿಳಿಯಿತು.

ಆಮೇಲಿನ ದಿನಗಳನ್ನು ಅವನು ಹೇಗೆ ಕಳೆದನೆಂದು ಹೇಳಬೇಕಾದ್ದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು. ಯಾರಾದರೂ ಸುಮ್ಮನೆ ಚೈನು ಸದ್ದು ಮಾಡುತ್ತಿದೆ ಎಂದರೂ ಬೆಚ್ಚುತ್ತಿದ್ದ. ಗಿರಾಕಿಗಳನ್ನು ಬೈಯುವುದು ನಿಂತಿತು, ಮೈಗೆ ಹುಷಾರಿಲ್ಲವೇ ಎಂದು ಅವರೇ ಕೇಳುವಂತಾಯಿತು. ಮುಚ್ಚಿದ ಚೈನ್ ಕೇಸ್‌ಗಳನ್ನೆಲ್ಲ ಮತ್ತೆ ಬಿಚ್ಚಿ ಲಾಕು ನೋಡುತ್ತಿದ್ದ. ಒಂಬತ್ತನೆಯ ದಿನ ಗಗನಳ ಶಾಲೆಯ ವಿಷಯ ಕಿವಿಗೆ ಬಿತ್ತು. ನಿಮ್ಮಪ್ಪ ದೇವರಿಗೆ ಸುಳ್ಳು ಹೇಳಿ ಸತ್ತ ಎಂದು ಜೊತೆಯ ಮಕ್ಕಳು ಅಂದಿದ್ದರಂತೆ, ಹುಡುಗಿ ಶಾಲೆಗೆ ಹೋಗುವುದಿಲ್ಲ ಎನ್ನುತ್ತಿದ್ದಾಳಂತೆ. ಆ ರಾತ್ರಿ ಅವನು ಉಣ್ಣಲಿಲ್ಲ.

ಹನ್ನೊಂದನೆಯ ದಿನ ತಿಥಿ. ದೇವರಾಜು ಗೋಣಿತಾಟಿನ ಗಂಟನ್ನು ಗಾಡಿಯ ಚೀಲಕ್ಕೆ ಹಾಕಿಕೊಂಡು ಹೋದ. ಹೇಳಬೇಕೆಂದು ಹೊರಟಿದ್ದನೋ, ಹೇಳುವ ಧೈರ್ಯ ದಾರಿಯಲ್ಲಿ ಬಂದೀತೆಂದು ಹೊರಟಿದ್ದನೋ, ಅವನಿಗೇ ತಿಳಿಯದು. ಸಮಾಧಿಯ ಮುಂದೆ ಬಾಳೆಎಲೆ ಹಾಸಿ, ರವಿಚಂದ್ರನ ದೊಡ್ಡಪ್ಪ ದೊಡ್ಡಸಿದ್ದಯ್ಯ ಎಡೆ ಬಡಿಸುತ್ತಿದ್ದರು. ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೇ ಸತ್ತವನ ಎಡೆಗೆ ಇಡುವುದು ಪದ್ಧತಿ. ಮುದ್ದೆ, ಬಾಡಿನ ಸಾರು, ವಡೆ, ಎಲೆಅಡಿಕೆ, ಮೂತಿ ಕೆತ್ತಿದ ಒಂದು ಎಳನೀರು. ಕೊನೆಗೆ ದೊಡ್ಡಸಿದ್ದಯ್ಯ ಪಂಚೆಯ ಸೊಂಟದಿಂದ ಬ್ರಾಂದಿಯ ಒಂದು ಪೊಟ್ಟಣ ತೆಗೆದು, ಅದನ್ನೂ ಎಲೆಯ ಮೂಲೆಗೆ ಇಟ್ಟರು. ಯಾರೋ ಬೇಡವೆಂದಾಗ ಪ್ರಿಯಾಂಕಳೇ ಇರಲಿ ಬಿಡಿ ಎಂದಳು. ಅದಕ್ಕೋಸ್ಕರ ತಾನೇ ಸತ್ತದ್ದು, ಇನ್ನು ಮುಚ್ಚುಮರೆ ಯಾಕೆ ಎಂದಳು. ಗಗನ ಆ ಪೊಟ್ಟಣವನ್ನೇ ನೋಡುತ್ತಿದ್ದಳು.

ಎಡೆ ಇಟ್ಟ ಮೇಲೆ ಕಾಗೆ ಮುಟ್ಟುವವರೆಗೆ ಮನುಷ್ಯರು ಮುಟ್ಟುವಂತಿಲ್ಲ. ಎಲ್ಲರೂ ಹಿಂದೆ ಸರಿದು ಹೊಂಗೆಮರದ ಕಡೆ ನೋಡುತ್ತ ನಿಂತರು. ದೇವರಾಜು ಮುಂದೆ ನಡೆದು, ಬಗ್ಗಿ, ಎಲೆಯ ಮೇಲಿನ ಪೊಟ್ಟಣ ಎತ್ತಿಕೊಂಡ. ಹೆಂಗಸರು ಹಾ ಎಂದರು. ಕುಂಕುಮ ಇಟ್ಟ ಪ್ಲೇಯರನ್ನು ಮುಟ್ಟದ ಕೈ, ಹನ್ನೊಂದು ದಿನ ತಡವಾಗಿ, ಎಡೆಯನ್ನು ಮುಟ್ಟಿತ್ತು.

“ಇದ್ನ ಇಡ್ಬೇಡಿ. ಅವ್ನು ಕುಡ್ದಿರ್ನಿಲ್ಲ” ಎಂದ. “ಚೈನ್ ಲಾಕ್ನ ನಾನು ಬೆರಳಲ್ಲೊತ್ತಿ ಕಳ್ಸ್‌ಬುಟ್ಟಿದ್ದೆ. ಅದು ಬುಟ್ಕೊಂಡು ಚೈನು ಚಕ್ರಕ್ಕೆ ಸಿಕ್ಕಾಕ್ಕೊಂಡದೆ. ಅವ್ನು ಸತ್ತಿದ್ದು ನನ್ ಕೈಯಿಂದ.”

ದೊಡ್ಡಸಿದ್ದಯ್ಯ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಮುದುಕರ ಕಣ್ಣಲ್ಲಿ ನೀರಿತ್ತು.

“ಬುಡಪ್ಪ ದೇವರಾಜು” ಎಂದರು. “ಸತ್ತೋನ ಮಾನ ಉಳ್ಸಾಕೆ ನಿನ್ ತಲೆ ಮ್ಯಾಲೆ ಹಾಕ್ಕೊತಾ ಇದ್ದೀಯ. ದೊಡ್ಡ ಮನ್ಸ ಕಣಪ್ಪ ನೀನು.”

ದೇವರಾಜು ಅಲ್ಲವೆಂದ. ಓಡಿಹೋಗಿ ಗಂಟು ತಂದು, ಬಿಚ್ಚಿ, ಚೈನಿನ ಎರಡು ತುದಿಗಳನ್ನು ಎತ್ತಿ ತೋರಿಸಿದ. ಇಲ್ಲಿ ಲಾಕು ಇರಬೇಕಿತ್ತು ಎಂದ. ಪ್ಲೇಯರು, ತಟ್ಟೆ, ರಾಹುಕಾಲ, ಪಟಾಕಿ ಎಲ್ಲವನ್ನೂ ಹೇಳಿದ. ಜನ ನೋಡಿದರು. ಬಿದ್ದ ಗಾಡಿಯ ಚೈನು ಕಳಚದೆ ಇರುತ್ತದೆಯೇ ಎಂದ ಒಬ್ಬ. ಮುತ್ತತ್ತಿಗೆ ಕರೆದೊಯ್ದವನು ಇವನೇ ತಾನೇ, ಅದಕ್ಕೇ ಹೊಟ್ಟೆಯಲ್ಲಿ ಸಂಕಟ ಎಂದ ಇನ್ನೊಬ್ಬ. ದೇವರಾಜುವಿನ ಕೆಲಸದಲ್ಲಿ ತಪ್ಪು ಬರುವುದುಂಟೇ ಎಂದರು. ಇಪ್ಪತ್ತಾರು ವರ್ಷ ಒಂದೊಂದು ನಟ್ಟಿನಂತೆ ಬಿಗಿದು ಕಟ್ಟಿದ ಒಳ್ಳೆಯ ಹೆಸರು ಅಂದು ಅವನ ಮಾತಿಗೇ ಅಡ್ಡ ನಿಂತಿತು. ತಪ್ಪು ಮಾಡಿದವನ ತಪ್ಪನ್ನು ಊರೇ ಸೇರಿ ಒಪ್ಪದಿದ್ದರೆ ಅವನು ಎಲ್ಲಿಗೆ ಹೋಗಬೇಕು?

ಪ್ರಿಯಾಂಕ ಒಬ್ಬಳು ಬಂದು ಚೈನನ್ನು ಕೈಗೆ ತೆಗೆದುಕೊಂಡಳು. ತುದಿಯ ಎರಡು ಪಿನ್ನುಗಳ ಮೇಲೆ ಬೆರಳಾಡಿಸಿದಳು. ಅವಳು ನಂಬಿದ್ದಾಳೆಂದು ಅವನಿಗೆ ಗೊತ್ತಾಯಿತು.

“ಇದು ನಿಮ್ಗೆ ಯಾವತ್ತು ಗೊತ್ತಾಯ್ತಣ್ಣ?”

“ಅವತ್ತೇ ಕಣವ್ವ. ಮಣ್ ಮಾಡಾಕ್ ಮುಂಚೆನೇ.”

ಮೊದಲ ಸಲ ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಕೈತಪ್ಪು ಎಲ್ಲಾರ್ಗೂ ಆಯ್ತದೆ. ಅದ್ನ ನಾನು ಬುಟ್ಟೇನು” ಎಂದಳು. “ಅವ್ರ ಮಕ ನೋಡ್ದೆ ಕಳ್ಸ್‌ಬುಟ್ಟೆ ನಾನು. ಒಂದ್ ಹಿಡಿ ಮಣ್ಣಾಕ್ನಿಲ್ಲ. ನೀವು ಅಲ್ಲೇ ನಿಂತಿದ್ರಿ. ಅದ್ನ ಎಂಗಣ್ಣ ಬುಡ್ಲಿ?”

ಅವಳು ಸಮಾಧಿಯ ಹತ್ತಿರ ಕೂತು, ಗಟ್ಟಿಯಾಗಿ ಹೋಗಿದ್ದ ಮಣ್ಣನ್ನು ಉಗುರಿನಲ್ಲಿ ಕೆದಕಿ ಒಂದು ಹಿಡಿ ಮಾಡಿಕೊಂಡು, ಅದರ ಮೇಲೆಯೇ ಹಾಕಿದಳು. ಗಗನ ಪಕ್ಕದಲ್ಲಿ ನಿಂತು ತಾನೂ ಒಂದು ಹಿಡಿ ಹಾಕಿದಳು.

ಊರು ದೇವರಾಜುವನ್ನು ಇನ್ನೂ ದೊಡ್ಡವನನ್ನಾಗಿ ಮಾಡಿತು. ಗೆಳೆಯನ ಹೆಸರು ಉಳಿಸಲು ಕೊಲೆಯ ಪಾಪವನ್ನೇ ಹೊತ್ತುಕೊಳ್ಳಲು ಹೋದ ಮನುಷ್ಯ ಎಂದು ಹಲಗೂರಿನ ಚಹಾದಂಗಡಿಗಳಲ್ಲಿ ಕಥೆಯಾದ. ಗಿರಾಕಿಗಳು ಹೆಚ್ಚಿದರು. ರವಿಚಂದ್ರ ಕುಡಿದು ಸತ್ತ ಎನ್ನುವುದೂ ಆ ಕಥೆಯ ಜೊತೆಗೇ ಉಳಿಯಿತು. ದೇವರಾಜು ಮೊದಮೊದಲು ಬಂದವರಿಗೆಲ್ಲ ನಿಜ ಹೇಳುತ್ತಿದ್ದ. ಅವರು ತಲೆಯಾಡಿಸಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಆಮೇಲೆ ಹೇಳುವುದನ್ನು ಬಿಟ್ಟ.

ಎರಡು ತಿಂಗಳಾದ ಮೇಲೆ, ಧನುರ್ಮಾಸದ ಒಂದು ಬೆಳಿಗ್ಗೆ ಪ್ರಿಯಾಂಕ ಅಂಗಡಿಗೆ ಬಂದಳು. ಮೂಲೆಯಲ್ಲಿ ತಾಟು ಹೊದ್ದುಕೊಂಡು ನಿಂತಿದ್ದ ಗಾಡಿಯನ್ನು ತೋರಿಸಿ, ಅದನ್ನು ಮಳವಳ್ಳಿಯ ಯಾರೋ ಕೊಳ್ಳುತ್ತಿದ್ದಾರೆ, ಓಡುವಂತೆ ಮಾಡಿಕೊಡಿ ಎಂದಳು. ಬೇರೆ ಮಾತಾಡಲಿಲ್ಲ. ಹೋಗಿ ಸಂಜೆ ಬರಬಹುದು ಎಂದರೂ ಹೋಗಲಿಲ್ಲ. ಸ್ಟೂಲು ಕೊಟ್ಟರೆ ಕೂರಲಿಲ್ಲ. ಅವನು ಬಗ್ಗಿದ್ದನ್ನೆಲ್ಲ ನೆಟ್ಟಗೆ ಮಾಡಿ, ಹೊಸ ಚೈನು ಏರಿಸಿ, ತುದಿಗಳನ್ನು ಸೇರಿಸುವವರೆಗೂ ಪಕ್ಕದಲ್ಲೇ ನಿಂತು ಅವನ ಕೈಯನ್ನು ನೋಡುತ್ತಿದ್ದಳು.

ಅವನು ಲಾಕನ್ನು ಇಟ್ಟು ನೋಸ್ ಪ್ಲೇಯರು ಎತ್ತಿಕೊಂಡಾಗ ಅವಳು ಕೈ ಚಾಚಿದಳು.

“ಇತ್ತ ಕೊಡಿ. ತಕ್ಕೊತಾ ಇರೋರ ಮನೇಲೂ ಎಂಡ್ರು ಮಕ್ಳು ಅವ್ರೆ.”

ದೇವರಾಜು ಪ್ಲೇಯರು ಕೊಟ್ಟು ಸರಿದು ಕೂತ. ಅವಳು ಚಕ್ರದ ಹತ್ತಿರ ಮೊಣಕಾಲೂರಿ, ಎಲ್ಲಿ ಒತ್ತಬೇಕೆಂದು ಕೇಳಿ, ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಮೊದಲ ಸಲ ಜಾರಿತು. ಎರಡನೆಯ ಸಲ ಟಿಕ್ ಎಂದಿತು. ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತಿದ್ದರೂ ಇಬ್ಬರಿಗೂ ಕೇಳಿಸಿತು. ಅವಳು ಉಗುರು ಹಾಕಿ ಲಾಕನ್ನು ಎಳೆದು ನೋಡಿ, ಅದು ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಎದ್ದಳು. ಅವನು ಕೈ ನೀಡಿದ್ದ. ಅವಳು ಪ್ಲೇಯರನ್ನು ಆ ಕೈಗೆ ಕೊಡದೆ ನೆಲದ ಮೇಲಿಟ್ಟಳು.